ಜೇಬಿಗೆ ಕೈ ಹಾಕದೆ ನೈರೋಬಿ

ಸ್ವಾಹಿಲಿಯಲ್ಲಿ 'ಬುರೆ' ಎಂದರೆ ಪುಕ್ಕಟೆ. ಅದೇ ಮಾತಿಗೆ 'ದಂಡ', 'ವ್ಯರ್ಥ' ಎಂಬ ಅರ್ಥವೂ ಇದೆ. ನಮ್ಮ 'ಬಿಟ್ಟಿ' ಇದ್ದಹಾಗೆ: ಬಿಟ್ಟಿ ಊಟ ಬೇರೆ, ಬಿಟ್ಟಿ ಚಾಕರಿ ಬೇರೆ. ಕೆನ್ಯಾದ ರಾಜಧಾನಿಯಲ್ಲಿ ಎರಡೂ ಬಗೆಯ ಬುರೆ ಸಿಗುತ್ತದೆ. ಸಫಾರಿಗೆ ಹೋಗುವ ಮುಂಚೆಯೋ ವಿಮಾನ ಬದಲಿಸುವ ನಡುವೆಯೋ ಎರಡು ದಿನ ಇಲ್ಲಿ ಉಳಿಯುವವರು, ಊರೊಳಗೆ ನೋಡಲು ಏನೂ ಇಲ್ಲ ಎಂದುಕೊಂಡು ಹೋಟೆಲ್ ರೂಮಿನಲ್ಲೇ ಕೂರುತ್ತಾರೆ. ಹಾಗೇನಿಲ್ಲ. ಗೇಟಿಗೆ ದುಡ್ಡು ಕೊಡದೆ ಎರಡು ದಿನ ಚೆನ್ನಾಗಿ ಕಳೆಯಬಹುದು. ಮೊದಲ ದಿನ ಪೇಟೆಯ ನಡುವೆ ಒಂದು ಸುತ್ತು, ಎರಡನೆಯ ದಿನ ಲಿಮುರು ರಸ್ತೆಯುದ್ದಕ್ಕೆ ಇನ್ನೊಂದು.

ಹೊರಡುವ ಮುಂಚೆ

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ ಒಂದು ಮಹಾನಗರವನ್ನು ಕಟ್ಟಿದಂತೆ. ಆಫ್ರಿಕಾ ಎಂದರೆ ಸೆಕೆ ಎಂದು ಹತ್ತಿ ಅಂಗಿಗಳನ್ನಷ್ಟೇ ತಂದವರು ಜುಲೈನಲ್ಲಿ ನಡುಗುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ಥಂಡಿ, ಬೆಳಿಗ್ಗೆ ಸ್ವೆಟರ್ ಬೇಕೇಬೇಕು. ಆದರೆ ಸಮಭಾಜಕ ವೃತ್ತ ಪಕ್ಕದಲ್ಲೇ ಇರುವುದರಿಂದ ಮೋಡ ಸರಿದ ಕೂಡಲೇ ಬಿಸಿಲು ಚುರುಕು ಮುಟ್ಟಿಸುತ್ತದೆ. ಗಾಳಿ ತಣ್ಣಗಿರುವುದರಿಂದ ಚರ್ಮ ಸುಟ್ಟದ್ದು ರಾತ್ರಿಯೇ ಗೊತ್ತಾಗುವುದು. ಟೋಪಿ ಬಿಡಬೇಡಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಬಿಟ್ಟಿ ತಿರುಗಾಟಕ್ಕೆ ಜನವರಿ-ಫೆಬ್ರವರಿ ಒಳ್ಳೆಯದು. ಅಕ್ಟೋಬರ್‌ನಲ್ಲಿ ಬಂದರೆ ಬೆಂಗಳೂರಿನವರಿಗೆ ಪರಿಚಿತವಾದ ಜಕರಂಡ ಬೀದಿಬೀದಿಯಲ್ಲಿ ನೀಲಿಯಾಗಿ ಅರಳಿರುತ್ತದೆ.

ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಇದ್ದರೆ ಮನೆಯಲ್ಲೇ ತೆಗೆದಿಡಿ. 2017ರ ಆಗಸ್ಟ್ 28ರಿಂದ ಕೆನ್ಯಾದಲ್ಲಿ ಅದಕ್ಕೆ ನಿಷೇಧವಿದೆ. ದಂಡ 40 ಲಕ್ಷ ಶಿಲ್ಲಿಂಗ್‌ವರೆಗೆ, ಇಲ್ಲವೆ ನಾಲ್ಕು ವರ್ಷದವರೆಗೆ ಜೈಲು. ಚಪ್ಪಲಿ ಸುತ್ತಿದ ಕವರ್, ಚಕ್ಕುಲಿ ಕಟ್ಟಿದ ಕವರ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಬಟ್ಟೆ ಚೀಲ ತನ್ನಿ.

ಜೊತೆಗೆ ಇರಬೇಕಾದ್ದು ಕಡಿಮೆ: ಪಾಸ್‌ಪೋರ್ಟಿನ ನಕಲು, ಕುಡಿಯುವ ನೀರು (ನಲ್ಲಿ ನೀರು ಬೇಡ), ಮಟಾಟು ಎಂಬ ಖಾಸಗಿ ಮಿನಿಬಸ್ಸಿಗೆ ಚಿಲ್ಲರೆ, ಸಾರ್ವಜನಿಕ ಶೌಚಾಲಯಕ್ಕೆ ಹತ್ತಿಪ್ಪತ್ತು ಶಿಲ್ಲಿಂಗ್. ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ, ಕೆಲವು ಕಡೆ ದಪ್ಪ ಪುಸ್ತಕದಲ್ಲಿ ಹೆಸರು ಬರೆಸುತ್ತಾರೆ. ಅದು ಶುಲ್ಕದ ರಸೀದಿಯಲ್ಲ, ಗಾಬರಿ ಬೇಡ.

ಇನ್ನು ಗಡಿಯಾರದ ವಿಷಯ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಬೆಳಗಿನ ಆರಕ್ಕೆ. 'ಸಾ ತಾತು', ಅಕ್ಷರಶಃ ಮೂರು ಗಂಟೆ ಎಂದರೆ ಬೆಳಿಗ್ಗೆ ಒಂಬತ್ತು. ಯಾವುದಾದರೂ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಸ್ವಾಹಿಲಿಯಲ್ಲಿ ಕೇಳಿದರೆ, ಬಂದ ಉತ್ತರಕ್ಕೆ ಆರು ಕೂಡಿಸಿ. ಇದನ್ನು ಮರೆತವರು ಮುಚ್ಚಿದ ಗೇಟಿನ ಮುಂದೆ ನಿಂತಿರುತ್ತಾರೆ.

ಕಲಿತು ಹೋಗಬೇಕಾದ ಸಾಲುಗಳು ಮೂರೇ: 'ನಿ ಬುರೆ?' (ಇದು ಪುಕ್ಕಟೆಯಾ?), 'ನಾಅಂಗಾಲಿಯಾ ತು' (ಸುಮ್ಮನೆ ನೋಡ್ತಿದ್ದೀನಿ), 'ಹಪಾನ, ಅಸಾಂತೆ' (ಬೇಡ, ಥ್ಯಾಂಕ್ಸ್). ಮೂರನೆಯದನ್ನು ಅತಿ ಹೆಚ್ಚು ಬಳಸುತ್ತೀರಿ. 'ಚಾಯ್', 'ಚಪಾತಿ', 'ದುಕಾ' ಇವನ್ನು ಕಲಿಯಬೇಕಿಲ್ಲ.

ಪುಕ್ಕಟೆ ಎಂದು ನಂಬಿ ಮೋಸಹೋಗುವ ಜಾಗಗಳು

ಹಳೆಯ ಪಟ್ಟಿಗಳಲ್ಲಿ ಇವೆಲ್ಲ ಪುಕ್ಕಟೆ, ಇಲ್ಲವೆ ಪುಕ್ಕಟೆಗೆ ಸಮ ಎಂದು ಬರೆದಿರುತ್ತದೆ: ಕರೂರ ಕಾಡು, ಅರ್ಬೊರೇಟಂ ಎಂಬ ಮರಗಳ ತೋಟ, ರೈಲ್ವೆ ಮ್ಯೂಸಿಯಂ, ಕೆ.ಐ.ಸಿ.ಸಿ. ಎಂಬ ಸಮ್ಮೇಳನ ಕೇಂದ್ರದ ಗೋಪುರದ ತಾರಸಿ, 1998ರಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮೇಲೆ ನಡೆದ ಬಾಂಬ್ ಸ್ಫೋಟದಲ್ಲಿ ಸತ್ತ 213 ಜನರ ಹೆಸರು ಕೆತ್ತಿದ ಆಗಸ್ಟ್ 7 ಸ್ಮಾರಕ ಉದ್ಯಾನ. ಎಲ್ಲದಕ್ಕೂ ಪ್ರವೇಶ ಶುಲ್ಕವಿದೆ. ಹಲವು ಕಡೆ ಸ್ಥಳೀಯರಿಗೆ ಒಂದು ದರ, ವಿದೇಶಿಯರಿಗೆ ಅದಕ್ಕಿಂತ ಹೆಚ್ಚು. ಸರಕಾರಿ ತಾಣಗಳಲ್ಲಿ ಈಗ ನಗದಿಗಿಂತ ಮೊಬೈಲ್ ಮತ್ತು ಕಾರ್ಡ್ ಪಾವತಿಗೇ ಒತ್ತು. ಕೆನ್ಯಾದ ಸಿಮ್ ಇಲ್ಲದವರು ಗೇಟಿನಲ್ಲಿ ಪೇಚಾಡುತ್ತಾರೆ. ಕರೂರ ಕಾಡಿಗೆ ದುಡ್ಡು ಕೊಟ್ಟು ಹೋದರೂ ನಷ್ಟವಿಲ್ಲ, ಸಾವಿರ ಹೆಕ್ಟೇರಿನ ಕಾಡು ಅದು. ಆದರೆ ಈ ಲೇಖನದ ಲೆಕ್ಕಕ್ಕೆ ಬರುವುದಿಲ್ಲ. 'ಫ್ರೀ ವಾಕಿಂಗ್ ಟೂರ್' ಎನ್ನುವುದು ಕೂಡ ಕೊನೆಯಲ್ಲಿ ಬಕ್ಷೀಸು ನಿರೀಕ್ಷಿಸುವ ವ್ಯವಹಾರವೇ.

ಮೊದಲ ದಿನ: ಪೇಟೆಯ ನಡುವಿನ ಮೂರು ಕಿಲೋಮೀಟರ್

ಭಾನುವಾರ ಬೆಳಿಗ್ಗೆ ಹೊರಟರೆ ರಸ್ತೆ ಖಾಲಿ, ಫೋಟೋ ಸಲೀಸು. ಆದರೆ ಮಾರುಕಟ್ಟೆ, ಗ್ಯಾಲರಿಗಳು ಬಾಗಿಲು ಹಾಕಿರುತ್ತವೆ. ಜನಜೀವನ ಬೇಕೆಂದರೆ ವಾರದ ದಿನ ಒಂಬತ್ತರ ನಂತರ ಹೊರಡಿ. ಜೂನ್ 25 ಮತ್ತು ಜುಲೈ 7ರಂದು ಪೇಟೆಗೆ ಬರಲೇಬೇಡಿ. ಮೊದಲನೆಯದು 2024ರ ಯುವಜನರ ಪ್ರತಿಭಟನೆಯ ದಿನ, ಎರಡನೆಯದು 'ಸಬಾ ಸಬಾ' ಎಂದು ಕರೆಯುವ ಹಳೆಯ ಪ್ರತಿಭಟನೆಯ ದಿನ. ಪೊಲೀಸರು ರಸ್ತೆಗಳನ್ನೇ ಮುಚ್ಚಿಬಿಡುತ್ತಾರೆ.

ಶುರು ಮಾಡುವುದು ಜೀವನ್‌ಜಿ ಗಾರ್ಡನ್ಸ್‌ನಿಂದ. ಕರಾಚಿಯಲ್ಲಿ ಹುಟ್ಟಿ, ಉಗಾಂಡ ರೈಲ್ವೆ ಕಟ್ಟುವಾಗ ಭಾರತದಿಂದ ಕೂಲಿಗಳನ್ನೂ ಸಾಮಾನನ್ನೂ ಒದಗಿಸಿ ಶ್ರೀಮಂತನಾದ ವ್ಯಾಪಾರಿ ಎ.ಎಂ. ಜೀವನ್‌ಜಿ ಈ ತೋಟವನ್ನು ಊರಿಗೆ ಬಿಟ್ಟುಕೊಟ್ಟರು. 1906ರಲ್ಲಿ ಇಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಲ್ಲಿಸಿದ್ದರು. 2015ರಲ್ಲಿ ಯಾರೋ ಅದನ್ನು ಉರುಳಿಸಿದರು. 1991ರಲ್ಲಿ ಇಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಲು ಹೊರಟಾಗ ಜೀವನ್‌ಜಿಯವರ ಮೊಮ್ಮಗಳು ಜರೀನಾ ಪಟೇಲ್ ಎದ್ದು ನಿಂತು ತೋಟ ಉಳಿಸಿದರು. ಇವತ್ತಿಗೂ ಊರ ನಡುವೆ ದುಡ್ಡಿಲ್ಲದೆ ಕೂರಲು ಬೆಂಚು ಇರುವ ಜಾಗ ಇದು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಮೂಲೆಯಲ್ಲಿ ಬೀದಿ ಪ್ರವಚನಕಾರರು, ಇನ್ನೊಂದು ಮೂಲೆಯಲ್ಲಿ 'ಬುಂಗೆ ಲಾ ಮ್ವನಾಂಚಿ', ಎಂದರೆ ಪ್ರಜೆಗಳ ಪಾರ್ಲಿಮೆಂಟು. ನಿರುದ್ಯೋಗಿಗಳು, ನಿವೃತ್ತರು, ವಕೀಲಗಿರಿ ಮಾಡುವವರು ಸೇರಿ ಸರಕಾರವನ್ನು ಎಳೆದಾಡುವ ನಮ್ಮ ಅರಳಿಕಟ್ಟೆ. ಕೇಳಿ, ಆದರೆ ಬಾಯಿ ಹಾಕಬೇಡಿ, ಕ್ಯಾಮೆರಾ ಎತ್ತಬೇಡಿ. ಗುಪ್ತಚರರು ಎಂದು ಅನುಮಾನ ಬಂದರೆ ಮಾತು ನಿಂತೇ ಹೋಗುತ್ತದೆ.

ತೋಟದಿಂದ ಕೆಲವೇ ಹೆಜ್ಜೆಗೆ ಲೊಯಿಟಾ ಮತ್ತು ಮನ್ರೋವಿಯಾ ರಸ್ತೆಗಳ ಆಸುಪಾಸಿನಲ್ಲಿ ಫ್ರೆಂಚರ ಸಾಂಸ್ಕೃತಿಕ ಕೇಂದ್ರ ಆಲಿಯಾನ್ಸ್ ಫ್ರಾನ್ಸೇಸ್, ಜರ್ಮನರ ಗೋಥೆ ಇನ್‌ಸ್ಟಿಟ್ಯೂಟ್ ಎರಡೂ ಇವೆ. ಇವುಗಳ ಚಿತ್ರ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ. ಸಂಜೆಯ ಸಂಗೀತ, ಸಿನಿಮಾ ಕಾರ್ಯಕ್ರಮಗಳಲ್ಲಿ ಕೆಲವು ಪುಕ್ಕಟೆ, ಕೆಲವಕ್ಕೆ ಟಿಕೆಟ್. ಬಾಗಿಲಲ್ಲಿ ಅಂಟಿಸಿದ ತಿಂಗಳ ಪಟ್ಟಿಯ ಫೋಟೋ ತೆಗೆದುಕೊಂಡರೆ ಮುಂದಿನ ದಿನಗಳ ಯೋಜನೆಯೂ ಆಯಿತು.

ಅಲ್ಲಿಂದ ದಕ್ಷಿಣಕ್ಕೆ ಇಳಿದು ಬಿಯಾಶಾರಾ ಸ್ಟ್ರೀಟ್ ಸೇರಿ. ಹಿಂದೆ ಇದರ ಹೆಸರು ಬಜಾರ್ ಸ್ಟ್ರೀಟ್. ಗುಜರಾತಿ ಅಂಗಡಿಗಳ ಸಾಲು, ಬಾಗಿಲಲ್ಲೇ ನೇತುಹಾಕಿದ ಕಾಂಗಾ ಬಟ್ಟೆಗಳು. ಪ್ರತಿ ಕಾಂಗಾದ ಅಂಚಿನ ಮೇಲೆ ಸ್ವಾಹಿಲಿಯಲ್ಲಿ ಒಂದು ಗಾದೆಯೋ ಚುಚ್ಚುಮಾತೋ ಅಚ್ಚಾಗಿರುತ್ತದೆ. ಹೆಂಗಸರು ಬಾಯಿಬಿಟ್ಟು ಹೇಳಲಾಗದ್ದನ್ನು ಉಟ್ಟು ಹೇಳುವ ಪದ್ಧತಿ. ಅರ್ಥ ಕೇಳಿದರೆ ಅಂಗಡಿಯವರು ಖುಷಿಯಿಂದಲೇ ಹೇಳುತ್ತಾರೆ, ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿ. ಪಕ್ಕದ ಸಿಟಿ ಮಾರ್ಕೆಟ್ಟಿಗೂ ಒಮ್ಮೆ ಹೊಕ್ಕು ಬನ್ನಿ. ಹಳೆಯ ಕಾಲದ ಎತ್ತರದ ಕಮಾನು ಛಾವಣಿಯ ಕಟ್ಟಡ ಚೆಂದ. ಆದರೆ ಒಳಗೆ 'ಒಂದು ನಿಮಿಷ, ನೋಡೋದಕ್ಕೆ ಕಾಸಿಲ್ಲ' ಎನ್ನುವ ಕರಕುಶಲ ಅಂಗಡಿಯವರ ಕಾಟ ಹೆಚ್ಚು. ಹತ್ತು ನಿಮಿಷ ಸಾಕು.

ಬಂಡಾ ಸ್ಟ್ರೀಟಿನಲ್ಲಿ ಜಾಮಿಯಾ ಮಸೀದಿಯ ಗುಮ್ಮಟಗಳು, ಎದುರಿಗೆ ಎರಡು ಕಲ್ಲಿನ ಸಿಂಹಗಳು ಕಾಯುವ ಮ್ಯಾಕ್‌ಮಿಲನ್ ಗ್ರಂಥಾಲಯ. 1931ರಲ್ಲಿ ತೆರೆದ ಈ ಗ್ರಂಥಾಲಯಕ್ಕೆ 1958ರವರೆಗೆ ಬಿಳಿಯರಿಗಷ್ಟೇ ಪ್ರವೇಶವಿತ್ತು. ಮೆಟ್ಟಿಲ ಮೇಲೆ ಕೂತರೆ ಆ ಕಂಬಗಳೂ ಆ ಗುಮ್ಮಟಗಳೂ ಒಂದೇ ನೋಟಕ್ಕೆ ಸಿಗುತ್ತವೆ.

ಇನ್ನೊಂದು ಬೀದಿ ದಾಟಿದರೆ ಕೆನ್ಯಾಟಾ ಅವೆನ್ಯೂ. ಎತ್ತಿನ ಗಾಡಿಗಳ ಸಾಲು ತಿರುಗಲು ಜಾಗ ಬೇಕೆಂದು ಅಷ್ಟು ಅಗಲ ಬಿಟ್ಟದ್ದು ಎನ್ನುತ್ತಾರೆ. ಕೊಯಿನಾಂಗೆ ರಸ್ತೆ ಸೇರುವಲ್ಲಿ ಇರುವ ಗಾಲ್ಟನ್-ಫೆಂಜಿ ಸ್ಮಾರಕವನ್ನು ಜನ ನೋಡದೆ ದಾಟುತ್ತಾರೆ. ಬೇರೆ ಬೇರೆ ಊರುಗಳಿಗೆ ಎಷ್ಟು ದೂರ ಎಂದು ಕೆತ್ತಿದ ಕಲ್ಲುಕಂಬ ಅದು. ಅದೇ ರಸ್ತೆಯ ಆಸ್ಕಾರಿ (ಆಫ್ರಿಕನ್ ಸೈನಿಕರ) ಸ್ಮಾರಕದಲ್ಲಿ ಮೂರು ಕಂಚಿನ ಮೂರ್ತಿಗಳಿವೆ. ಅವುಗಳಲ್ಲಿ ಒಂದು ಸೈನಿಕನದಲ್ಲ, ಹೊರೆ ಹೊರುವವನದು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಗುಂಡಿಗಿಂತ ಹೊರೆ, ಹಸಿವು, ರೋಗಗಳೇ ಹೆಚ್ಚು ಜನರನ್ನು ಕೊಂದವು. ಅವನ ಮುಖವನ್ನು ನಿಂತು ನೋಡಿ.

ಕಿಮಾತಿ ಸ್ಟ್ರೀಟಿನ ಕೊನೆಯಲ್ಲಿ ದೆದಾನ್ ಕಿಮಾತಿಯ ಕಂಚಿನ ಪ್ರತಿಮೆ, ಕೈಯಲ್ಲಿ ಬಂದೂಕು ಮತ್ತು ಬಾಕು. ಮಾವ್ ಮಾವ್ ಹೋರಾಟದ ಈ ನಾಯಕನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು 1957ರ ಫೆಬ್ರವರಿ 18ರಂದು. ಪ್ರತಿಮೆ ಅನಾವರಣವಾದದ್ದು ಸರಿಯಾಗಿ ಐವತ್ತು ವರ್ಷದ ನಂತರ, ಅದೇ ದಿನ. ಅಲ್ಲಿಂದ ಎಡಕ್ಕೆ ತಿರುಗಿ ಮೋಯಿ ಅವೆನ್ಯೂ ಸೇರಿದರೆ ನ್ಯಾಷನಲ್ ಆರ್ಕೈವ್ಸ್, ಮುಂದೆ ಟಾಮ್ ಎಂಬೋಯಾ ಪ್ರತಿಮೆ. 1969ರ ಜುಲೈ 5ರಂದು ಈ ಮಂತ್ರಿಯನ್ನು ಗುಂಡಿಕ್ಕಿ ಕೊಂದ ಜಾಗ ಕೂಗಳತೆಯಲ್ಲೇ ಇದೆ. ಆರ್ಕೈವ್ಸ್ ಒಳಗಿನ ಮುರುಂಬಿ ಗ್ಯಾಲರಿಗೆ ಶುಲ್ಕವಿದೆ. ಇಡೀ ಸುತ್ತಿನಲ್ಲಿ ಒಂದೇ ಒಂದು ಕಡೆ ನಿಯಮ ಮುರಿದು ಜೇಬಿಗೆ ಕೈ ಹಾಕುವುದಾದರೆ ಅದು ಇಲ್ಲೇ ಆಗಲಿ. ಮುರುಂಬಿ ಯಾರೆಂದು ಎರಡನೆಯ ದಿನದ ಸುತ್ತಿನಲ್ಲಿ ಹೇಳುತ್ತೇವೆ.

ಈ ಪ್ರತಿಮೆಯ ಸುತ್ತಮುತ್ತಲೇ ಇನ್ನೊಂದು ಪುಕ್ಕಟೆ ಪ್ರದರ್ಶನ: ಮಟಾಟುಗಳು. ಮೈತುಂಬ ಬಣ್ಣದ ಚಿತ್ರ, ಒಳಗೆ ಟಿ.ವಿ., ಎದೆ ನಡುಗಿಸುವ ಸಂಗೀತ, ಬಾಗಿಲಲ್ಲಿ ನೇತಾಡುವ ಕಂಡಕ್ಟರ್. ಹೆಚ್ಚು ಅಲಂಕಾರ ಮಾಡಿದ್ದಕ್ಕೆ 'ಗನ್ಯಾ' ಎನ್ನುತ್ತಾರೆ. ಕಾಲೇಜು ಹುಡುಗರು ಖಾಲಿ ಬಸ್ ಬಂದರೂ ಬಿಟ್ಟು ತಮ್ಮ ಇಷ್ಟದ ಗನ್ಯಾಗೆ ಕಾಯುತ್ತಾರೆ. ನೋಡುವಾಗ ಫುಟ್‌ಪಾತಿನ ಒಳಬದಿಗೆ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಮೊಬೈಲನ್ನು ರಸ್ತೆಬದಿಯ ಕೈಯಲ್ಲಿ ಹಿಡಿದು ವಿಡಿಯೊ ಮಾಡಿದರೆ ಮೋಟಾರ್ ಬೈಕಿನವನು ಕಿತ್ತುಕೊಂಡು ಹೋಗುವುದು ಎರಡು ಸೆಕೆಂಡಿನ ಕೆಲಸ. ಮೋಯಿ ಅವೆನ್ಯೂ ದಾಟಿ ರಿವರ್ ರೋಡ್ ಕಡೆಗೆ ಹೊಸಬರು ಹೋಗದಿರುವುದು ಕ್ಷೇಮ.

ವಾಪಸು ಸಿಟಿ ಹಾಲ್ ವೇ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಹೋಲಿ ಫ್ಯಾಮಿಲಿ ಬೆಸಿಲಿಕಾದ ಬಣ್ಣದ ಗಾಜಿನ ಕೆಳಗೆ ಐದು ನಿಮಿಷ ಕೂತರೆ ಕಾಲು ತಣ್ಣಗಾಗುತ್ತದೆ. ಪ್ರಾರ್ಥನೆ ನಡೆಯುವಾಗ ಓಡಾಡಬೇಡಿ. ಕೆ.ಐ.ಸಿ.ಸಿ.ಯ ದುಂಡು ಗೋಪುರ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ. ಶನಿವಾರವಾದರೆ ಹೈಕೋರ್ಟ್ ಪಕ್ಕದ ಪಾರ್ಕಿಂಗ್ ಬಯಲಲ್ಲಿ ಮಾಸಾಯ್ ಮಾರ್ಕೆಟ್ ಎಂಬ ಕರಕುಶಲ ವಸ್ತುಗಳ ಸಂತೆ ಸೇರುತ್ತದೆ. ಈ ಸಂತೆ ದಿನಕ್ಕೊಂದು ಕಡೆ ಸಾಗುತ್ತದೆ, ಜಾಗವೂ ಆಗಾಗ ಬದಲಾಗುತ್ತದೆ. ಬೆಳಿಗ್ಗೆಯೇ ಹೋಟೆಲಿನವರನ್ನು ಕೇಳಿಕೊಳ್ಳಿ. ಬಾಗಿಲಲ್ಲೇ ಒಬ್ಬ ನಗುತ್ತ ಬುಟ್ಟಿಯೋ ಚೀಲವೋ ಹಿಡಿದು ಬರುತ್ತಾನೆ: ಇಷ್ಟವಾದ್ದನ್ನೆಲ್ಲ ಇದರಲ್ಲಿ ಹಾಕುತ್ತಾ ಹೋಗಿ, ಬೆಲೆ ಕೊನೆಗೆ ಮಾತಾಡೋಣ. ಅವನು ದಲ್ಲಾಳಿ. ಬುಟ್ಟಿಗೆ ಒಂದು ಮಣಿಸರ ಬಿದ್ದರೂ ನೀವು ಗಿರಾಕಿಯಾದಿರಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಡೆಯಿರಿ, 'ನಾಅಂಗಾಲಿಯಾ ತು' ಅನ್ನುತ್ತಿರಿ.

ಪಾರ್ಲಿಮೆಂಟ್ ಮುಂದೆ ಫೋಟೋ ಬೇಡ. ಪೊಲೀಸರು, ಸೈನಿಕರು, ಅಧ್ಯಕ್ಷರ ನಿವಾಸ ಯಾವುದನ್ನೂ ತೆಗೆಯಬೇಡಿ. ತೆಗೆದು ಸಿಕ್ಕಿಬಿದ್ದರೆ ಪುಕ್ಕಟೆ ತಿರುಗಾಟ ದುಬಾರಿಯಾಗುತ್ತದೆ.

ಕೊನೆಗೆ ಹೆದ್ದಾರಿ ದಾಟಿದರೆ ಉಹುರು ಪಾರ್ಕ್. 1989ರಲ್ಲಿ ಇಲ್ಲಿ ಅರವತ್ತು ಮಹಡಿಯ ಗೋಪುರ ಕಟ್ಟಲು ಆಳುವ ಪಕ್ಷ ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಒಬ್ಬರೇ ಪತ್ರಗಳ ಮೇಲೆ ಪತ್ರ ಬರೆದು, ಬೈಗುಳ ತಿಂದು, ಕೊನೆಗೆ ಯೋಜನೆ ನಿಲ್ಲಿಸಿದರು. ನೊಬೆಲ್ ಬಂದದ್ದು ಬಹಳ ಮುಂದೆ, 2004ರಲ್ಲಿ. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರು ಉಪವಾಸ ಕೂತ ಫ್ರೀಡಂ ಕಾರ್ನರ್ ಕೂಡ ಇದರದೇ ಮೂಲೆ. ನೀವು ಪುಕ್ಕಟೆಯಾಗಿ ಕೂರುವ ಹುಲ್ಲಿಗೆ ಬೇರೆಯವರು ಕೊಟ್ಟ ಬೆಲೆ ಅದು. ಇಳಿಜಾರಿನ ಮೇಲ್ತುದಿಗೆ ಹತ್ತಿದರೆ ಇಡೀ ಪೇಟೆಯ ಸಾಲು ಕಣ್ಣಮುಂದೆ. ಸಂಜೆ ನಾಲ್ಕರಿಂದ ಐದರ ಬೆಳಕು ಫೋಟೋಗೆ ತಕ್ಕದ್ದು. ಕೊರಳಲ್ಲಿ ಕ್ಯಾಮೆರಾ ಹಾಕಿದವರು ನಿಮ್ಮ ಫೋಟೋ ತೆಗೆಯಲು ಬಂದರೆ ಮೊದಲೇ ಬೇಡ ಎನ್ನಿ.

ವರ್ಷವಿಡೀ ಆರೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಸಮಭಾಜಕದ ಬಳಿ ಮುಸ್ಸಂಜೆ ಎನ್ನುವುದು ಇಲ್ಲವೆನ್ನುವಷ್ಟು ಕಮ್ಮಿ. ಐದೂವರೆಗೆ ಪಾರ್ಕಿನಿಂದ ಹೊರಡಿ. ಕತ್ತಲಾದ ಮೇಲೆ ನಡೆಯುವುದು ಬೇಡ, ಟ್ಯಾಕ್ಸಿಯೇ ಸರಿ. ಅದರಲ್ಲಿ ಜಿಪುಣತನ ಮಾಡಬೇಡಿ.

ಒಂದು ಹಳೆಯ ಬಲೆಯನ್ನೂ ತಿಳಿದಿರಿ. 'ನೆನಪಿಲ್ವಾ, ನಿಮ್ಮ ಹೋಟೆಲಲ್ಲೇ ಕೆಲಸ ಮಾಡ್ತೀನಿ' ಎಂದೋ, ಪಕ್ಕದ ದೇಶದಿಂದ ಓಡಿಬಂದ ವಿದ್ಯಾರ್ಥಿ ಎಂದೋ ಒಬ್ಬ ಮಾತಿಗೆ ನಿಲ್ಲುತ್ತಾನೆ. ಚಹಾ ಕುಡಿಯೋಣ ಎನ್ನುತ್ತಾನೆ. ಅವನ ಕೈಗೆ ಸ್ವಲ್ಪ ಹಣ ಕೊಟ್ಟ ಮೇಲೆ ಸಾದಾ ಬಟ್ಟೆಯ 'ಪೊಲೀಸರು' ಪ್ರತ್ಯಕ್ಷರಾಗಿ, ಅಪರಾಧಿಗೆ ನೆರವಾದಿರಿ ಎಂದು ದಂಡ ಕೇಳುತ್ತಾರೆ. ನಡಿಗೆ ನಿಲ್ಲಿಸದೆ 'ಹಪಾನ, ಅಸಾಂತೆ' ಅಂದರೆ ಆಟ ಶುರುವೇ ಆಗುವುದಿಲ್ಲ.

ಎರಡನೆಯ ದಿನ: ಲಿಮುರು ರಸ್ತೆ

ಶುಕ್ರವಾರ ಇದಕ್ಕೆ ಪ್ರಶಸ್ತ. ಪೇಟೆಯಿಂದ ರುವಾಕಾ ಕಡೆ ಲಿಮುರು ರಸ್ತೆಯಲ್ಲಿ ಹೋಗುವ ಮಟಾಟು ಹತ್ತಿ. ದರವನ್ನು ಕಂಡಕ್ಟರನ ಬದಲು ಪಕ್ಕದಲ್ಲಿ ಕೂತವರನ್ನು ಕೇಳಿ. ಮಳೆ ಶುರುವಾದರೆ ಅದೇ ದಾರಿಗೆ ದರ ಏರುತ್ತದೆ. ಅದು ನಿಮಗೊಬ್ಬರಿಗೆ ಮಾಡಿದ ಮೋಸವಲ್ಲ, ಊರಿಗೆಲ್ಲ ಹಾಗೆಯೇ.

ಮೊದಲ ಇಳಿತಾಣ ಪಾರ್ಕ್‌ಲ್ಯಾಂಡ್ಸ್‌ನ ಸಿಟಿ ಪಾರ್ಕ್. ಪ್ರವೇಶ ಪುಕ್ಕಟೆ. ಉಳಿದ ಹಳೆಯ ಕಾಡಿನ ತುಂಡಿನ ನಡುವೆ ಸೈಕ್ಸ್ ಕೋತಿಗಳು ಹಿಂಡುಹಿಂಡಾಗಿ ಇವೆ. ಗೇಟಿನ ಬಳಿ ಹುಡುಗರು ಕಡಲೆಕಾಯಿ, ಬಾಳೆಹಣ್ಣು ಕೈಗಿಡುತ್ತಾರೆ, ಕೋತಿ ಭುಜಕ್ಕೆ ಹಾರಿದ ಮೇಲೆ ದುಡ್ಡು ಕೇಳುತ್ತಾರೆ. ತೆಗೆದುಕೊಳ್ಳಬೇಡಿ. ಕೈಯಿಂದ ತಿಂದು ರೂಢಿಯಾದ ಕೋತಿ ಮುಂದಿನವರ ಚೀಲಕ್ಕೇ ಕೈ ಹಾಕುತ್ತದೆ. ಕಚ್ಚಿದರೆ ರೇಬಿಸ್ ಚುಚ್ಚುಮದ್ದಿನ ಖರ್ಚು ನಿಮ್ಮದು. ತಿಂಡಿ ಇದ್ದರೆ ಜಿಪ್ ಹಾಕಿದ ಚೀಲದಲ್ಲಿರಲಿ. ಒಬ್ಬರೇ ದಟ್ಟ ಮರಗಳ ಒಳದಾರಿ ಹಿಡಿಯದೆ ಜನ ಓಡಾಡುವ ದಾರಿಯಲ್ಲೇ ಇರಿ.

ಕನ್ನಡಿಗರು ಇಲ್ಲಿಗೆ ಬರಲೇಬೇಕಾದ ಕಾರಣ ಬೇರೆಯೇ ಇದೆ. ಉದ್ಯಾನದೊಳಗೆ ಮುರುಂಬಿ ಸ್ಮಾರಕವಿದೆ, ಹತ್ತಿರದ ಸ್ಮಶಾನದಲ್ಲಿ ಪಿಯೋ ಗಾಮಾ ಪಿಂಟೋ ಸಮಾಧಿ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಪಿಂಟೋ ಓದಿದ್ದು ಗೋವಾದ ಆರ್ಪೊರಾದಲ್ಲಿ, ಆಮೇಲೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಕೆನ್ಯಾಕ್ಕೆ ಮರಳಿ ಸ್ವಾತಂತ್ರ್ಯ ಚಳವಳಿಗೆ ಇಳಿದು, ವರ್ಷಗಟ್ಟಲೆ ಬಂಧನದಲ್ಲಿದ್ದರು. ದೇಶ ಸ್ವತಂತ್ರವಾಗಿ ಎರಡು ವರ್ಷವೂ ತುಂಬಿರಲಿಲ್ಲ. 1965ರ ಫೆಬ್ರವರಿ 24ರಂದು ಮನೆಯ ಮುಂದೆಯೇ ಗುಂಡಿಕ್ಕಿ ಅವರನ್ನು ಕೊಂದರು. ವಯಸ್ಸು 37. ಅವರ ಗೆಳೆಯ ಜೋಸೆಫ್ ಮುರುಂಬಿ, ತಂದೆ ಗೋವಾದ ವ್ಯಾಪಾರಿ, ತಾಯಿ ಮಾಸಾಯ್ ಬುಡಕಟ್ಟಿನವರು. ಶಾಲೆ ಕಲಿತದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ. ವಿದೇಶಾಂಗ ಮಂತ್ರಿಯಾಗಿ, 1966ರಲ್ಲಿ ಉಪಾಧ್ಯಕ್ಷರಾಗಿ, ಅದೇ ವರ್ಷ ರಾಜಕೀಯ ಸಾಕೆಂದು ಹೊರಬಂದರು. ಉಳಿದ ಬದುಕನ್ನು ಆಫ್ರಿಕಾದ ಕಲೆ, ಪುಸ್ತಕ, ಅಂಚೆಚೀಟಿ ಸಂಗ್ರಹಕ್ಕೆ ಕೊಟ್ಟರು. ನಿನ್ನೆ ನೋಡಿದ ಆರ್ಕೈವ್ಸ್ ಗ್ಯಾಲರಿಯಲ್ಲಿರುವುದು ಅವೇ. 1990ರಲ್ಲಿ ತೀರಿಕೊಂಡಾಗ ಪಿಂಟೋ ಹತ್ತಿರವೇ ಮಣ್ಣಾಗಬೇಕೆಂಬ ಆಸೆಯಂತೆ ಇಲ್ಲಿಗೆ ತಂದರು. ಸಮಾಧಿಯ ಸುತ್ತ ಅವರ ಸಂಗ್ರಹದ ದೊಡ್ಡ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಸ್ಮಾರಕದ ಬೇಲಿಗೆ ಬೀಗವಿದ್ದರೆ ಮಾಲಿಗಳನ್ನು ಕೇಳಿ.

ಮತ್ತೆ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಗಿಗಿರಿಯ ವಿಲೇಜ್ ಮಾರ್ಕೆಟ್. ಶುಕ್ರವಾರದ ಮಾಸಾಯ್ ಮಾರ್ಕೆಟ್ ಇಲ್ಲೇ. ಪೇಟೆಯದಕ್ಕಿಂತ ಬೆಲೆ ಜಾಸ್ತಿ, ದಲ್ಲಾಳಿ ಕಾಟ ಕಡಿಮೆ, ಕೊಳ್ಳದವರಿಗೆ ಇದೇ ವಾಸಿ. ಮಾಲ್ ಆದ್ದರಿಂದ ಶೌಚಾಲಯಕ್ಕೂ ದುಡ್ಡಿಲ್ಲ. ಇನ್ನೂ ಮುಂದೆ ರಾಸ್ಲಿನ್ ರಿವಿಯೆರಾ ಮಾಲ್‌ನೊಳಗೆ ನೈರೋಬಿ ಕಂಟೆಂಪರರಿ ಆರ್ಟ್ ಇನ್‌ಸ್ಟಿಟ್ಯೂಟ್ ಇದೆ, ಚಿತ್ರಕಾರ ಮೈಕೆಲ್ ಆರ್ಮಿಟೇಜ್ ಕಟ್ಟಿದ್ದು. ಪೂರ್ವ ಆಫ್ರಿಕಾದ ಕಲೆಯ ಒಳ್ಳೆಯ ಪ್ರದರ್ಶನಗಳನ್ನು ಇಲ್ಲಿ ಕಾಸಿಲ್ಲದೆ ನೋಡಬಹುದು. ಎರಡು ಪ್ರದರ್ಶನಗಳ ನಡುವೆ ಗೋಡೆ ಖಾಲಿ ಇರುತ್ತದೆ, ಆಗ ಹೋದರೆ ಎರಡನೆಯ ಅರ್ಥದ ಬುರೆ. ಅವರ ಜಾಲತಾಣ ನೋಡಿ ಹೊರಡಿ.

ಊರಿಗೆ ಮರಳುವ ದಾರಿಯಲ್ಲಿ ಫಾರೆಸ್ಟ್ ರೋಡಿನ ಸ್ವಾಮಿನಾರಾಯಣ ಮಂದಿರ. ಭಾರತದಲ್ಲಿ ಕೆತ್ತಿದ ಕಲ್ಲು ಮತ್ತು ಮರದಿಂದ ಕಟ್ಟಿ 1999ರಲ್ಲಿ ತೆರೆದದ್ದು. ಪ್ರವೇಶ ಪುಕ್ಕಟೆ, ಮಂಡಿ ಭುಜ ಮುಚ್ಚಿರಬೇಕು. ಮಧ್ಯಾಹ್ನ ದರ್ಶನ ಇರುವುದಿಲ್ಲ, ನಾಲ್ಕರ ನಂತರ ತಲುಪುವಂತೆ ಲೆಕ್ಕ ಹಾಕಿ. ಹೊರಚಾವಡಿಯ ಮರಗೆತ್ತನೆಗೇ ಅರ್ಧ ಗಂಟೆ ಬೇಕು.

ಭಾನುವಾರ ಊರಲ್ಲಿದ್ದರೆ ಊಟವೂ ಬುರೆ. ರೈಲ್ವೆ ಕಟ್ಟಲು ಬಂದ ಪಂಜಾಬಿಗಳ ಕಾಲದಿಂದ ನೈರೋಬಿಯಲ್ಲಿ ಗುರುದ್ವಾರಗಳಿವೆ, ಲಂಗರ್ ಯಾರಿಗೂ ಮುಚ್ಚಿಲ್ಲ. ತಲೆಗೆ ಬಟ್ಟೆ, ಬರಿಗಾಲು, ತಂಬಾಕು ಜೇಬಲ್ಲೂ ಇರಕೂಡದು. ತಟ್ಟೆಗೆ ಹಾಕಿಸಿಕೊಂಡಷ್ಟನ್ನೂ ತಿನ್ನಬೇಕು, ರೊಟ್ಟಿಗೆ ಎರಡೂ ಕೈ ಒಡ್ಡಬೇಕು. ಊಟವಾದ ಮೇಲೆ ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಸದಾ ಒಂದು ಜೋಡಿ ಕೈಗೆ ಜಾಗವಿರುತ್ತದೆ.